ಪಾವು, ಅಚ್ಚೇರು, ಎಳೆಪಾಕ: ಅಮ್ಮನ ಅಡುಗೆ ಪುಸ್ತಕದ ಸಿಹಿ ಪುಟಗಳು

ದೀಪಾವಳಿ ಹತ್ತಿರ ಬಂದಾಗ ಎಷ್ಟೋ ಮನೆಗಳಲ್ಲಿ ಹಳೆಯ ಪುಸ್ತಕವೊಂದು ಕಪಾಟಿನಿಂದ ಹೊರಗೆ ಬರುತ್ತದೆ. ರಟ್ಟು ಕಿತ್ತುಹೋಗಿ ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿಕೊಂಡ ಅಡುಗೆ ಪುಸ್ತಕ. ಇಲ್ಲವೇ ತಾಯಿಯೋ ಅಜ್ಜಿಯೋ ಶಾಲೆಯ ನೋಟ್‌ಬುಕ್ಕಿನಲ್ಲಿ ಶಾಯಿಯಿಂದ ಬರೆದಿಟ್ಟುಕೊಂಡ ಹಾಳೆಗಳು. ಯಾವ ತಿಂಡಿ ಆ ಮನೆಯಲ್ಲಿ ಹೆಚ್ಚು ಬಾರಿ ಆಗಿದೆ ಎಂದು ತಿಳಿಯಲು ಅದನ್ನು ಓದಬೇಕಾಗಿಲ್ಲ. ಎಣ್ಣೆ ಹೀರಿ ಅತ್ತಕಡೆಯ ಅಕ್ಷರ ಇತ್ತ ಕಾಣುವ ಪುಟ ಯಾವುದೆಂದು ನೋಡಿದರೆ ಸಾಕು. ಕಜ್ಜಾಯದ ಪುಟ ಸಾಮಾನ್ಯವಾಗಿ ಹಾಗಿರುತ್ತದೆ. ಮಗಳೋ, ಸೊಸೆಯೋ, ಈಚೆಗೆ ಮಗನೋ, ಆ ಪುಟವನ್ನು ಒಲೆಯ ಪಕ್ಕ ತೆರೆದಿಟ್ಟುಕೊಂಡು ಕೆಲಸಕ್ಕೆ ಕೈ ಹಚ್ಚುತ್ತಾರೆ. ಒಂದು ಸೇರು ಅಕ್ಕಿ, ತಕ್ಕಷ್ಟು ಬೆಲ್ಲ, ಪಾಕ ಹದಕ್ಕೆ ಬಂದಾಗ ಹಿಟ್ಟು ಸೇರಿಸುವುದು, ಮಾರನೆಯ ದಿನ ಕರಿಯುವುದು. ಇಷ್ಟೇ, ನಾಲ್ಕು ಸಾಲು. ಮಾರನೆಯ ದಿನ ಬಾಣಲೆಗೆ ಬಿಟ್ಟ ಮೊದಲ ಕಜ್ಜಾಯ ಎಣ್ಣೆಯಲ್ಲಿ ಒಡೆದು ಮರಳಿನಂತೆ ಹರಡಿಕೊಳ್ಳುತ್ತದೆ.

ತಪ್ಪು ಮಾಡಿದವರದೇ ಎಂದು ಹೇಳಿಬಿಡುವುದು ಸುಲಭ. ಆದರೆ ಆ ನಾಲ್ಕು ಸಾಲುಗಳನ್ನು ಬರೆದದ್ದು ಕಜ್ಜಾಯ ಗೊತ್ತಿಲ್ಲದವರಿಗಾಗಿ ಅಲ್ಲವೇ ಅಲ್ಲ. ಹತ್ತಾರು ಹಬ್ಬಗಳಲ್ಲಿ ತಾಯಿಯ ಪಕ್ಕ ಕುಳಿತು ಹಿಟ್ಟು ಜರಡಿ ಹಿಡಿದ ಹುಡುಗಿ, ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಮರೆಯದಿರಲಿ ಎಂದು ಮಾಡಿಕೊಂಡ ಗುರುತು ಅದು. ಕೈಗೆ ಗೊತ್ತಿದ್ದದ್ದನ್ನು ಆಕೆ ಬರೆಯಲಿಲ್ಲ, ಕೈಗೆ ಗೊತ್ತಿಲ್ಲದ್ದನ್ನು ಮಾತ್ರ ಬರೆದಳು. ಹೀಗಾಗಿ ಪುಸ್ತಕ ಉಳಿದರೂ ತಿಂಡಿ ಉಳಿಯದೆ ಹೋಗಬಹುದು. ಹಳೆಯ ಅಡುಗೆ ಪುಸ್ತಕವನ್ನು ಓದುವುದೆಂದರೆ ಬರೆಯದೆ ಬಿಟ್ಟದ್ದನ್ನು ಊಹಿಸುವ ಕೆಲಸವೇ ಸರಿ. ಶಾಸನ ಓದುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಮೊದಲ ತೊಡಕು ಅಳತೆಯದು. ಧಾನ್ಯ ಅಳೆಯುವ ಸೇರಿನಲ್ಲಿ ಅರ್ಧ ಅಚ್ಚೇರು, ಕಾಲು ಭಾಗ ಪಾವು, ಪಾವಿನಲ್ಲಿ ಅರ್ಧ ಅರೆಪಾವು, ಅದರಲ್ಲಿ ಅರ್ಧ ಚಟಾಕು. ಇದು ಪಾತ್ರೆಯ ಅಳತೆ. ಬೆಲ್ಲ, ಸಕ್ಕರೆ, ತುಪ್ಪಗಳ ಮಾತು ಬಂದಾಗ ಅದೇ ಸೇರು ತೂಕವಾಗಿಬಿಡುತ್ತದೆ. ಆ ತೂಕದಲ್ಲೂ ಎರಡು ಬಗೆ. ಕಚ್ಚಾ ಸೇರೆಂದರೆ ೨೪ ತೊಲ, ಈಗಿನ ಲೆಕ್ಕದಲ್ಲಿ ಸುಮಾರು ೨೮೦ ಗ್ರಾಂ. ಪಕ್ಕಾ ಸೇರೆಂದರೆ ೮೦ ತೊಲ, ಸುಮಾರು ೯೩೩ ಗ್ರಾಂ. ಪುಸ್ತಕದಲ್ಲಿ 'ಒಂದು ಸೇರು ಸಕ್ಕರೆ' ಎಂದಷ್ಟೇ ಇದ್ದರೆ ಒಂದಕ್ಕೂ ಮತ್ತೊಂದಕ್ಕೂ ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಕಾನೂನು ಬಂದು, ೧೯೬೨ರ ಹೊತ್ತಿಗೆ ಅಂಗಡಿಗಳಲ್ಲಿ ಕಿಲೋಗ್ರಾಂ ಕಡ್ಡಾಯವಾಯಿತು. ಅಡುಗೆ ಮನೆ ಅಷ್ಟು ಬೇಗ ಬದಲಾಗಲಿಲ್ಲ. ಹಿತ್ತಾಳೆಯ ಪಾವು ಅಕ್ಕಿ ಡಬ್ಬದೊಳಗೆ ಕುಳಿತೇ ಇತ್ತು. ಕೆಲವು ಮನೆಗಳಲ್ಲಿ ಇಂದಿಗೂ ಇದೆ. ಹಾಗಾಗಿ ಆ ಕಾಲದ ಕೈಬರಹದ ಪುಸ್ತಕಗಳಲ್ಲಿ ಅಕ್ಕಿಗೆ ಪಾವು, ಸಕ್ಕರೆಗೆ ಗ್ರಾಂ, ಏಲಕ್ಕಿಗೆ 'ಒಂದಾಣೆಯದು' ಎಂಬಂಥ ಮೂರು ಲೆಕ್ಕಗಳು ಒಂದೇ ಪುಟದಲ್ಲಿ ಸೇರಿಕೊಳ್ಳುವುದುಂಟು. ಆಣೆಯ ಚಲಾವಣೆಯೇ ಈಗ ಇಲ್ಲ. ಅಂದಿನ ಏಲಕ್ಕಿಯ ಬೆಲೆ ತಿಳಿದವರಷ್ಟೇ ಆ ಸಾಲನ್ನು ಬಿಡಿಸಬಲ್ಲರು. ಬೆಲ್ಲವನ್ನಂತೂ ಅಚ್ಚಿನ ಲೆಕ್ಕದಲ್ಲೇ ಹೇಳುವುದು ರೂಢಿ. ಅಚ್ಚಿನ ಗಾತ್ರ ಊರಿಂದೂರಿಗೆ ಬೇರೆ.

ಎರಡನೆಯ ತೊಡಕು ಪಾಕದ್ದು. ಬೆಲ್ಲವನ್ನೋ ಸಕ್ಕರೆಯನ್ನೋ ನೀರಿನಲ್ಲಿ ಕರಗಿಸಿ ಕುದಿಸಿದಾಗ ನೀರು ಆವಿಯಾಗುತ್ತಾ ಹೋಗಿ ಪಾಕ ಗಟ್ಟಿಯಾಗುತ್ತದೆ, ಅದರ ಕುದಿಯುವ ಬಿಸಿಯೂ ಏರುತ್ತದೆ. ಪಾಶ್ಚಾತ್ಯರು ಇದನ್ನು ಅಳೆಯಲು ಉಷ್ಣಮಾಪಕ ಇಟ್ಟುಕೊಂಡರು. ಇಲ್ಲಿನವರು ಎರಡು ಬೆರಳು ಇಟ್ಟುಕೊಂಡರು. ಹೆಬ್ಬೆರಳು, ತೋರುಬೆರಳುಗಳ ನಡುವೆ ಹನಿಯನ್ನು ಹಿಡಿದು ಬಿಡಿಸಿದಾಗ ಒಂದು ಎಳೆ ಬಂದರೆ ಒಂದೆಳೆ ಪಾಕ, ಎರಡು ಬಂದರೆ ಎರಡೆಳೆ. ಇನ್ನೂ ಕುದಿಸಿ ತಣ್ಣೀರಿಗೆ ಬಿಟ್ಟ ಹನಿ ಬೆರಳಲ್ಲಿ ಉರುಟಾಗಿ ಕೂಡಿಬಂದರೆ ಉಂಡೆಪಾಕ. ಕಜ್ಜಾಯಕ್ಕೆ ಬೇಕಾದದ್ದು ಈ ಕೊನೆಯದರ ಮೆದು ಅವಸ್ಥೆ. ಪಾಕ ಎಳಸಾದರೆ ಕಜ್ಜಾಯ ಎಣ್ಣೆಯಲ್ಲಿ ಕರಗುತ್ತದೆ, ಮಿಂಚಿದರೆ ಕಲ್ಲಾಗುತ್ತದೆ. ನಡುವಿನ ಅವಕಾಶ ಒಂದೆರಡು ನಿಮಿಷ ಮಾತ್ರ.

ಅಕ್ಕಿಯದೂ ಹೀಗೇ ಒಂದು ಗುಟ್ಟಿದೆ. ನೆನೆಹಾಕಿ ಬಸಿದ ಅಕ್ಕಿಯನ್ನು ನೆರಳಿನಲ್ಲಿ ಬಟ್ಟೆಯ ಮೇಲೆ ಹರವಿ, ಹಿಡಿದರೆ ಕೈಗೆ ತೇವ ತಾಗಬೇಕು, ಆದರೆ ನೀರು ಅಂಟಬಾರದು ಎನ್ನುವಾಗ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟುತ್ತಿದ್ದರು. ಆ ಉಳಿದ ತೇವವೇ ಹಿಟ್ಟನ್ನೂ ಪಾಕವನ್ನೂ ಒಂದು ಮಾಡುತ್ತದೆ. ಅಂಗಡಿಯ ಒಣ ಅಕ್ಕಿಹಿಟ್ಟು ಪಾಕದ ನೀರನ್ನೆಲ್ಲ ಹೀರಿ ಬಿಗಿದುಕೊಳ್ಳುತ್ತದೆ. ಹಳೆಯ ಪುಸ್ತಕ 'ಅಕ್ಕಿಹಿಟ್ಟು' ಎಂದಷ್ಟೇ ಬರೆದು ಮುಂದೆ ಹೋಗುತ್ತದೆ, ಏಕೆಂದರೆ ಬರೆದವಳ ಮನೆಯಲ್ಲಿ ಕಜ್ಜಾಯದ ಹಿಟ್ಟೆಂದರೆ ತೇವದ ಹಿಟ್ಟೇ. ಬೇರೆ ಹಿಟ್ಟು ಇರಬಹುದೆಂಬ ಯೋಚನೆಗೆ ಅಲ್ಲಿ ಜಾಗವಿರಲಿಲ್ಲ.

ಅಡುಗೆಯನ್ನು ಬರೆದಿಡುವ ಅಭ್ಯಾಸ ಕನ್ನಡಕ್ಕೆ ಹೊಸದಲ್ಲ. ೧೦೨೫ರಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ 'ಲೋಕೋಪಕಾರ'ವನ್ನು ರಚಿಸಿದ. ಬೇಸಾಯ, ಅಂತರ್ಜಲ ಕಂಡುಹಿಡಿಯುವುದು, ವೈದ್ಯ, ಸುಗಂಧದ್ರವ್ಯಗಳ ಜೊತೆಗೆ ಅಡುಗೆಯೂ ಅದರಲ್ಲಿ ಸೇರಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ 'ಮಾನಸೋಲ್ಲಾಸ' ಅರಮನೆಯ ಊಟವನ್ನು ವಿವರಿಸಿತು. ಒಡೆದ ಹಾಲಿನ ಗಟ್ಟಿಗೆ ಅಕ್ಕಿಹಿಟ್ಟು ಬೆರೆಸಿ ಕರಿದು ಸಕ್ಕರೆಯ ಪಾಕದಲ್ಲಿ ಅದ್ದುವ 'ಕ್ಷೀರಪ್ರಕಾರ' ಎಂಬ ಸಿಹಿ ಅದರಲ್ಲಿದೆ; ಇಂದಿನ ಜಾಮೂನು ತಿನ್ನುವವರಿಗೆ ಅದು ಅಪರಿಚಿತ ಎನಿಸಲಾರದು. ೧೬ನೇ ಶತಮಾನದ ಆರಂಭದಲ್ಲಿದ್ದ ಕಲ್ಲಹಳ್ಳಿಯ ಜೈನ ಕವಿ ಮೂರನೆಯ ಮಂಗರಸ ಇನ್ನೂ ಮುಂದೆ ಹೋಗಿ, 'ಸೂಪಶಾಸ್ತ್ರ' ಎಂದು ಅಡುಗೆಗಾಗಿಯೇ ಒಂದು ಕನ್ನಡ ಕೃತಿ ಬರೆದ. ಅದೂ ವಾರ್ಧಕ ಷಟ್ಪದಿಯಲ್ಲಿ! ಹಿಟ್ಟಿನ ತಿಂಡಿಗಳು, ಪಾನೀಯಗಳು, ಪಾಯಸಗಳು, ಬದನೆ, ಹಲಸು, ಬಾಳೆ, ಬಿದಿರಿನ ಕಳಲೆ ಎಲ್ಲಕ್ಕೂ ಅಲ್ಲಿ ಸ್ಥಾನವಿದೆ. ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ ಮುಚ್ಚಳ ರೊಟ್ಟಿಯ ವಿಧಾನವೂ ಇದೆ. ಪದ್ಯದಲ್ಲಿದ್ದ ಅಡುಗೆ ಬಾಯಿಪಾಠಕ್ಕೆ ಸುಲಭ. ಮಂಗರಸನ ಅಡುಗೆಯವರು ಓಲೆಗರಿ ಬಿಚ್ಚಿ ಒಲೆಯ ಮುಂದೆ ಕೂತಿರಲಾರರು.

ಆದರೆ ಈ ಗ್ರಂಥಗಳಿಗಿಂತ ಅಳತೆಯಲ್ಲಿ ನಿಷ್ಠುರವಾದ ಬರಹ ಇನ್ನೊಂದು ಕಡೆ ಇದೆ. ವಿಜಯನಗರ ಕಾಲದ ತಿರುಮಲೆಯ ಶಾಸನಗಳಲ್ಲಿ ದೇವರಿಗೆ ಅತಿರಸದ ನೈವೇದ್ಯಕ್ಕೆಂದು ದತ್ತಿ ಬಿಟ್ಟಾಗ ಅಕ್ಕಿ ಎಷ್ಟು, ಬೆಲ್ಲ ಎಷ್ಟು, ತುಪ್ಪ ಎಷ್ಟು ಎಂದು ಕಲ್ಲಿನ ಮೇಲೆ ಕಂಡರಿಸಿದ್ದಾರೆ. ಅತಿರಸ ನಮ್ಮ ಕಜ್ಜಾಯದ ಒಡಹುಟ್ಟು. ಅಲ್ಲಿ ಅಳತೆ ಸ್ಪಷ್ಟವಾಗಿರಲು ಕಾರಣ ರುಚಿಯಲ್ಲ, ಲೆಕ್ಕ. ಉಗ್ರಾಣದಿಂದ ಹೋದದ್ದಕ್ಕೂ ಎಡೆಗೆ ಬಂದದ್ದಕ್ಕೂ ತಾಳೆಯಾಗಬೇಕಲ್ಲ!

ಗೃಹಿಣಿಯರು ಗೃಹಿಣಿಯರಿಗಾಗಿ ಬರೆದ ಪುಸ್ತಕಗಳು ಬಹಳ ತಡವಾಗಿ ಬಂದವು. ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಂದ ಮುಂಬಯಿಗೆ ಹೋಗಿ ನೆಲೆಸಿದ ಚಿತ್ರಾಪುರ ಸಾರಸ್ವತರ ಮಹಿಳಾ ಸಮಾಜ ೧೯೪೩ರಲ್ಲಿ 'ರಸಚಂದ್ರಿಕಾ'ವನ್ನು ಮರಾಠಿಯಲ್ಲಿ ಪ್ರಕಟಿಸಿತು. ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ ಅವರ ತಮಿಳು ಪುಸ್ತಕ 'ಸಮೈತ್ತು ಪಾರ್' ೧೯೫೧ರಲ್ಲಿ ಹೊರಬಂತು. ನೆಂಟರಿಷ್ಟರು ಕೇಳಿದಾಗಲೆಲ್ಲ ಅಡುಗೆಯ ವಿಧಾನ ಬರೆದು ಕಳಿಸುತ್ತಿದ್ದ ಅವರಿಗೆ ಪುಸ್ತಕವನ್ನೇ ಬರೆ ಎಂದು ಸೂಚಿಸಿದವರು ಅವರ ಚಿಕ್ಕಪ್ಪನ ವರಸೆಯ ಬಂಧುವೊಬ್ಬರು. ಮದುವೆಯಾದ ಮಗಳ ಕೈಗೆ ಈ ಪುಸ್ತಕಗಳನ್ನು ಕೊಟ್ಟು ಕಳಿಸುವ ವಾಡಿಕೆಯೇ ಬೆಳೆಯಿತು. ಎರಡರ ಹಿಂದಿನ ಕಾರಣವೂ ಒಂದೇ. ಕೂಡುಕುಟುಂಬ ಬಿಟ್ಟು, ಪಟ್ಟಣದ ಎರಡು ಕೋಣೆಯ ಮನೆಯಲ್ಲಿ ಅತ್ತೆಯೂ ತಾಯಿಯೂ ಇಲ್ಲದೆ ಒಲೆ ಹಚ್ಚಬೇಕಾದ ಹೆಣ್ಣುಮಕ್ಕಳ ಒಂದು ತಲೆಮಾರು ಆಗ ಬೆಳೆದಿತ್ತು. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಅಂಥವರು ಸಾಕಷ್ಟಿದ್ದರು. ೧೯೬೫ರಲ್ಲಿ 'ಸುಧಾ' ಬಂದು ವಾರಪತ್ರಿಕೆಗಳ ಓದು ಮನೆಮನೆಗೆ ಹಬ್ಬಿದಂತೆ, ಅಡುಗೆಯ ಪುಟಗಳನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಮೈದಾ ಅಂಟಿನಿಂದ ಅಂಟಿಸುವುದೂ ಒಂದು ಹವ್ಯಾಸವಾಯಿತು. ಅಮ್ಮನ ಪುಸ್ತಕವೆಂದು ಇಂದು ಜೋಪಾನ ಮಾಡುತ್ತಿರುವುದರಲ್ಲಿ ಅರ್ಧ ಇಂಥ ಕತ್ತರಿಕೆಗಳೇ.

ಈ ಪುಸ್ತಕಗಳ ಸಿಹಿ ಪುಟಗಳಲ್ಲಿ ಇನ್ನೊಂದು ಚರಿತ್ರೆ ಅಡಗಿದೆ. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದು ಕಬ್ಬು ಬೆಳೆದದ್ದು, ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದಕ್ಕಾಗಿ ಶ್ರಮಿಸಿದ್ದು ಪ್ರಸಿದ್ಧ ಸಂಗತಿ. ೧೯೩೭ರಲ್ಲಿ ಡಾಲ್ಡಾ ಬಂತು. ಇವೆರಡೂ ಅಡುಗೆ ಪುಸ್ತಕದ ಮೇಲೆ ಬಿದ್ದ ಬಗೆ ಸ್ವಾರಸ್ಯಕರ. ಬಿಳಿ ಸಕ್ಕರೆಯ ತಿಂಡಿ ನೆಂಟರಿಗೆ, ಬೆಲ್ಲದ್ದು ದೇವರಿಗೆ ಮತ್ತು ಮನೆಯವರಿಗೆ ಎಂಬ ಭೇದ ಗಟ್ಟಿಯಾಯಿತು. ಪುಸ್ತಕಗಳಲ್ಲಿ ಬರ್ಫಿ, ಚಿರೋಟಿ, ಬಾದಾಮಿ ಹಲ್ವಗಳು ಮುಂದಿನ ಪುಟಗಳಿಗೆ ಬಂದವು. ಮೈಸೂರು ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಾಕಾಸುರ ಮಾದಪ್ಪ ಮಾಡಿದರೆಂದು ಹೇಳುವ ಮೈಸೂರು ಪಾಕಿಗಂತೂ ಪ್ರತಿಯೊಂದು ಪುಸ್ತಕದಲ್ಲೂ ಜಾಗ ಖಾಯಂ. ಕಡಲೆಹಿಟ್ಟು, ಸಕ್ಕರೆ, ತುಪ್ಪ, ಮೂರೇ ಸಾಮಾನು. ತುಪ್ಪದ ಪಕ್ಕದಲ್ಲಿ ಮಾತ್ರ 'ಅಥವಾ ಡಾಲ್ಡಾ' ಎಂದು ಸೇರಿಸಿದವರು ಬಹಳ. ಎರಡನೆಯ ಮಹಾಯುದ್ಧದ ಕಾಲಕ್ಕೆ ಸಕ್ಕರೆ ಪಡಿತರದ ವಸ್ತುವಾಯಿತು. ಆಮೇಲೂ ಬಹುಕಾಲ ಪಡಿತರ ಚೀಟಿಯ ಸಕ್ಕರೆಯನ್ನು ಹಬ್ಬಕ್ಕೆಂದು ಕೂಡಿಡುವುದು ಮಧ್ಯಮ ವರ್ಗದ ಮನೆಗಳ ಸಾಮಾನ್ಯ ದೃಶ್ಯವಾಗಿತ್ತು. ಆಗ ಬೆಲ್ಲವೇ ಮತ್ತೆ ಕೈಹಿಡಿಯಿತು.

ಇಷ್ಟೆಲ್ಲ ಇದ್ದರೂ, ದೊಡ್ಡಬಳ್ಳಾಪುರದ ಅಥವಾ ನೆಲಮಂಗಲದ ಹಳ್ಳಿಯೊಂದರಲ್ಲಿ ಹುಟ್ಟಿದವರು ಈ ಪುಸ್ತಕಗಳಲ್ಲಿ ತಮ್ಮ ಅಜ್ಜಿಯ ಸಿಹಿಯನ್ನು ಹುಡುಕಿದರೆ ಸಿಗುವುದು ಕಡಿಮೆ. ನಾಗರಪಂಚಮಿಗೆ ತನಿ ಎರೆಯುವಾಗ ಮಾಡುವ ಚಿಗಳಿಯನ್ನೇ ನೋಡಿ. ಘಾಟಿ ಸುಬ್ರಹ್ಮಣ್ಯದ ಸೀಮೆಯಲ್ಲಿ ನಾಗನಿಗೆ ಎಡೆ ಎಂದರೆ ಚಿಗಳಿ ಮತ್ತು ತಂಬಿಟ್ಟು. ಎಳ್ಳು, ಬೆಲ್ಲ ಎರಡನ್ನೇ ಒರಳಿನಲ್ಲಿ ಹಾಕಿ, ಎಳ್ಳು ಎಣ್ಣೆ ಬಿಟ್ಟು ಉಂಡೆ ಕಟ್ಟಲು ಬರುವ ತನಕ ಕುಟ್ಟುವುದು. ಇದಕ್ಕೆ ಪಾಕವಿಲ್ಲ, ಒಲೆಯ ಕೆಲಸ ಇದ್ದರೂ ಎಳ್ಳು ಹುರಿಯುವಷ್ಟೇ. ಬರೆಯಲು ಏನಿದೆ ಎಂದು ಯಾರೂ ಬರೆಯಲಿಲ್ಲವೋ ಏನೋ. ಮಿಕ್ಸಿಯಲ್ಲಿ ತಿರುವಿದರೆ ಎಣ್ಣೆ ಒಮ್ಮೆಲೇ ಹೊರಬಂದು ಚಿಗಳಿ ಜಿಡ್ಡಾಗುತ್ತದೆ, ತಡೆತಡೆದು ತಿರುವಬೇಕು.

ರಾಗಿಯ ಸಿಹಿಗಳೂ ಹೀಗೆಯೇ ಪುಸ್ತಕದ ಹೊರಗೆ ಉಳಿದವು. ಈ ನಾಲ್ಕು ತಾಲ್ಲೂಕುಗಳ ಹೊಲಗಳಲ್ಲಿ ಮಳೆಗಾಲದ ಮುಖ್ಯ ಬೆಳೆ ರಾಗಿ. ನೀರು ಚಿಮುಕಿಸಿ ಹದ ಮಾಡಿದ ರಾಗಿಯನ್ನು ಕಾದ ಬಾಣಲೆಗೆ ಹಾಕಿದರೆ ಕಾಳಿನೊಳಗಿನ ತೇವ ಆವಿಯಾಗಿ ಸಿಪ್ಪೆ ಒಡೆದು ಬಿಳಿ ಅರಳಾಗುತ್ತದೆ. ಅದನ್ನು ಬೀಸಿದ ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ, ತುಪ್ಪ ಅಥವಾ ಹಾಲು ಬೆರೆಸಿದರೆ ಸಿಹಿ ಸಿದ್ಧ. ಹೊಲಕ್ಕೆ ಹೋಗುವವರಿಗೆ, ಶಾಲೆಯಿಂದ ಬಂದ ಮಕ್ಕಳಿಗೆ ಅದೇ ತಿಂಡಿ. ಇನ್ನು ರಾಗಿ ಹಾಲುಬಾಯಿ. ರಾಗಿಯನ್ನು ರಾತ್ರಿ ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಬೆಲ್ಲ ಮತ್ತು ಕಾಯಿಹಾಲು ಸೇರಿಸಿ, ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವುತ್ತಾ ಪಾತ್ರೆಯ ಅಂಚು ಬಿಟ್ಟುಬರುವವರೆಗೆ ಕಾಯಬೇಕು. ತುಪ್ಪ ಸವರಿದ ತಟ್ಟೆಗೆ ಸುರಿದು ಆರಿದ ಮೇಲೆ ಕತ್ತರಿಸಿದರೆ ಕಂದುಬಣ್ಣದ, ನಡುಗುವಷ್ಟು ಮೆದುವಾದ ಬಿಲ್ಲೆಗಳು. ಹೊಸ ಅಳಿಯ ಬಂದಾಗ ಒತ್ತು ಶ್ಯಾವಿಗೆ. ಬೆಂದ ಅಕ್ಕಿಹಿಟ್ಟಿನ ಮುದ್ದೆಯನ್ನು ಬಿಸಿ ಆರುವ ಮೊದಲೇ ಮರದ ಶ್ಯಾವಿಗೆ ಒರಳಿಗೆ ತುಂಬಿ ಮನೆಯ ಗಂಡಸರು ಮೇಲಿನಿಂದ ಒತ್ತಬೇಕು. ಜೊತೆಗೆ ಬೆಲ್ಲ, ಗಸಗಸೆ, ಏಲಕ್ಕಿಯ ಕಾಯಿಹಾಲು. ಒಬ್ಬರ ಕೈಯಲ್ಲಿ ಆಗುವ ಅಡುಗೆ ಅಲ್ಲ ಅದು. ಜಾತ್ರೆಯ ಬೆಂಡು ಬತ್ತಾಸು, ಕಲ್ಯಾಣಸೇವೆಗಳನ್ನಂತೂ ಮನೆಯಲ್ಲಿ ಮಾಡುವವರೇ ಇರಲಿಲ್ಲ.

ಇವು ಪುಸ್ತಕಕ್ಕೆ ಬಾರದಿರಲು ಕಾರಣ ರುಚಿಯ ಕೊರತೆ ಇರಲಾರದು. ೧೯೫೧ರ ಜನಗಣತಿಯಲ್ಲಿ ಭಾರತದ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಒಂಬತ್ತಕ್ಕಿಂತಲೂ ಕಡಿಮೆ. ಬರೆಯಬಲ್ಲ ಹೆಂಗಸರಿದ್ದ ಮನೆಗಳ ಅಡುಗೆ ಬರಹಕ್ಕೆ ಬಂತು. ಅವು ಬಹುಮಟ್ಟಿಗೆ ಪಟ್ಟಣದ, ಮೇಲುಜಾತಿಗಳ ಮನೆಗಳು. ಮಿಕ್ಕವರ ಅಡುಗೆ ಬಾಯಿಮಾತಿನಲ್ಲಿ, ಕೈಯಲ್ಲಿ ಉಳಿಯಿತು. ಆಮೇಲೆ ಓದಿದ ಮಗಳು ಬರೆಯಲು ಕೂತಾಗಲೂ ಪತ್ರಿಕೆಯಲ್ಲಿ ಬಂದ ಕೇಕನ್ನೋ ಗೋಡಂಬಿ ಬರ್ಫಿಯನ್ನೋ ಬರೆದುಕೊಂಡಳೇ ಹೊರತು ಹುರಿಹಿಟ್ಟನ್ನಲ್ಲ. ಅಮ್ಮನಿದ್ದಾಳೆ, ಕೇಳಿದರಾಯಿತು ಎಂಬ ಧೈರ್ಯ ಇದ್ದೇ ಇತ್ತು. ಇದರಿಂದಾಗಿ ಒಂದು ವಿಚಿತ್ರ ಸ್ಥಿತಿ ಒದಗಿದೆ. ಮನೆಯಲ್ಲಿ ಎಂದೋ ಒಮ್ಮೆ ಮಾಡಿದ ತಿಂಡಿಯ ವಿಧಾನ ಗ್ರಾಂ ಲೆಕ್ಕದ ಸಮೇತ ಪುಸ್ತಕದಲ್ಲಿದೆ. ವರ್ಷವರ್ಷವೂ ಮಾಡಿದ್ದರ ಗುರುತೇ ಇಲ್ಲ.

ಈಗ ಮಾಡಹೊರಟವರಿಗೆ ಸಾಮಾನುಗಳೂ ಮೊದಲಿನವಲ್ಲ. ಹಳೆಯ ಪುಸ್ತಕದ ಬೆಲ್ಲ ಕಪ್ಪಗೆ, ಮೆದುವಾಗಿ ಇತ್ತು. ಹೊಂಬಣ್ಣ ಬರಲೆಂದು ರಾಸಾಯನಿಕ ಹಾಕಿದ ಬೆಲ್ಲದ ಪಾಕ ಬೇರೆ ರೀತಿ ಏರುತ್ತದೆ. ಬೆಲ್ಲದಲ್ಲಿ ಒಂದಿಷ್ಟು ಹುಳಿ ಅಂಶವಿರುವುದರಿಂದ ಕುದಿಯುವ ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ. ಪಾಯಸಕ್ಕೆ ಬೆಲ್ಲವನ್ನು ಬೇರೆಯಾಗಿ ಕರಗಿಸಿ ಸೋಸಿ, ಒಲೆಯಿಂದ ಇಳಿಸಿದ ಮೇಲೆ ಬೆರೆಸಬೇಕೆಂಬುದು ಪುಸ್ತಕ ಹೇಳದ ಮತ್ತೊಂದು ಮಾತು. ಸೌದೆ ಒಲೆಯಲ್ಲಿ ಉರಿ ತಗ್ಗಿಸುವುದೆಂದರೆ ಕೊಳ್ಳಿ ಹಿಂದಕ್ಕೆಳೆದು ಕೆಂಡದ ಮೇಲೆ ಬಿಡುವುದು. ಗ್ಯಾಸ್ ಒಲೆಯ ಅತಿ ಸಣ್ಣ ಉರಿಯೂ ಪಾತ್ರೆಯ ನಡುವಿಗೇ ತಾಗುತ್ತದೆ. ದಪ್ಪ ತಳದ ಪಾತ್ರೆ, ಅದರ ಕೆಳಗೊಂದು ಕಾವಲಿ ಇಟ್ಟು ಕೆಂಡದ ಕಾವನ್ನು ಸಾಧಿಸುವವರಿದ್ದಾರೆ. ಕಾಲದ ಪ್ರಶ್ನೆಯೂ ಇದೆ. ಕಜ್ಜಾಯಕ್ಕೆ ಎರಡು ಮೂರು ದಿನ ಬೇಕು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲೋ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲೋ ದುಡಿಯುವ ಹೆಣ್ಣುಮಗಳು ಆ ಮೂರು ದಿನವನ್ನು ಎಲ್ಲಿಂದ ತರಬೇಕು? ಹೊಸಕೋಟೆಯ ಹೆಸರು ಹೇಳಿದರೆ ಈಗ ಜನರಿಗೆ ನೆನಪಾಗುವುದು ಮುಂಜಾನೆಯ ಬಿರಿಯಾನಿ. ಅದರಲ್ಲಿ ತಪ್ಪೇನೂ ಇಲ್ಲ.

ಹೊಲದ ಮಾತೂ ಬಂತು. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ಭೂಮಿಯ ಬೆಲೆಯೂ ಬಳಕೆಯೂ ಬದಲಾದವು. ಚನ್ನರಾಯಪಟ್ಟಣ ಹೋಬಳಿಯ ೧೩ ಹಳ್ಳಿಗಳ ರೈತರು ೧,೭೭೭ ಎಕರೆಯ ಸ್ವಾಧೀನವನ್ನು ವಿರೋಧಿಸಿ ೨೦೨೨ರಿಂದ ಧರಣಿ ಕೂತರು. ೨೦೨೫ರ ಜುಲೈನಲ್ಲಿ ಸರ್ಕಾರ ಆ ಪ್ರಸ್ತಾವ ಕೈಬಿಟ್ಟಿತು. ಹುರಿಹಿಟ್ಟಿನ ರಾಗಿ ಅಂಗಡಿಯಲ್ಲೂ ಸಿಗುತ್ತದೆ, ನಿಜ. ಸುಗ್ಗಿಯ ಹೊಸ ರಾಗಿಗೆ ನೀರು ಎಷ್ಟು ಚಿಮುಕಿಸಬೇಕು, ಹಳೆಯದಕ್ಕೆ ಎಷ್ಟು ಎಂಬ ತಿಳಿವಳಿಕೆ ಮಾತ್ರ ಕಣ ಇದ್ದ ಮನೆಯದು.

ಊರಹಬ್ಬದ ದಿನ ಗ್ರಾಮದೇವತೆಗೆ ಹೊರುವ ತಂಬಿಟ್ಟಿನ ಆರತಿ ಮಾತ್ರ ಈ ಭಾಗದಲ್ಲಿ ಇನ್ನೂ ಪುಸ್ತಕದ ಹಂಗಿಲ್ಲದೆ ನಡೆದುಬಂದಿದೆ. ತಂಬಿಟ್ಟನ್ನು ತಣ್ಣನೆಯ ಹಿಟ್ಟು ಎಂದು ಬಿಡಿಸಿ ಹೇಳುವವರುಂಟು. ಹುರಿದ ಅಕ್ಕಿಯ ಹಿಟ್ಟಿಗೆ ಬೆಲ್ಲ ಕಲಸಿ, ಹುರಿಗಡಲೆ, ಕೊಬ್ಬರಿ, ಎಳ್ಳು ಸೇರಿಸಿ ಗೋಪುರದಂತೆ ಕಟ್ಟುತ್ತಾರೆ; ನೆನೆದ ಅಕ್ಕಿಯನ್ನು ಕುಟ್ಟಿ ಹಸಿಯಾಗಿಯೇ ಮಾಡುವ ಮನೆಗಳೂ ಇವೆ. ತಲೆಯ ಮೇಲೆ ಹೊತ್ತು ಗುಡಿಯ ತನಕ ನಡೆಯಬೇಕಾದ್ದರಿಂದ ಅದು ಬಿರುಕು ಬಿಡಬಾರದು, ದೀಪದ ಕಾವಿಗೆ ಕುಸಿಯಲೂಬಾರದು. ತುದಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿ, ತುಪ್ಪ ಬಿಟ್ಟು ಬತ್ತಿ ಇಡುತ್ತಾರೆ. ಗುಳಿ ಎಷ್ಟು ಆಳ ಇರಬೇಕೆಂದರೆ, ಕಟ್ಟಿದವಳ ಹೆಬ್ಬೆರಳು ಇಳಿಯುವಷ್ಟು. ಆರತಿ ಮುಗಿಸಿ ಮನೆಗೆ ಬಂದ ಮೇಲೆ ಬತ್ತಿ ತೆಗೆದು, ಕರಿಹಿಡಿದ ಭಾಗವನ್ನು ಕೆರೆದು, ಉಳಿದದ್ದನ್ನು ಮುರಿದು ಹಂಚುತ್ತಾರೆ. ತುಪ್ಪ ಹೀರಿಕೊಂಡ ನಡುವಿನ ತುಂಡು ಯಾರಿಗೆ ಎಂದು ಮಕ್ಕಳಲ್ಲಿ ಜಗಳ ಹತ್ತುವುದು ಆಗ.